ಸುಮ್ಮನಿದ್ದವರೆಲ್ಲ ಒಪ್ಪಿದವರಲ್ಲ

(ಸ್ವಸಹಾಯ ಸಂಘಗಳ ತಾಲ್ಲೂಕು ಮಟ್ಟದ ಸಮಾವೇಶವೊಂದರಲ್ಲಿ ನಿವೃತ್ತ ಸಮಾಜಶಾಸ್ತ್ರ ಅಧ್ಯಾಪಕಿಯೊಬ್ಬರು ಆಡಿದ ಮಾತುಗಳ ಬರಹ ರೂಪ.)



ನನ್ನನ್ನು ಎತ್ತರದ ಕುರ್ಚಿಯ ಮೇಲೆ ಕೂರಿಸಿ, ನೀವು ಕೆಳಗೆ ಜಮಖಾನೆಯ ಮೇಲೆ ಕುಳಿತಿದ್ದೀರಿ. ಮೂವತ್ತೈದು ವರ್ಷ ಕಾಲೇಜಿನಲ್ಲಿ ಪಾಠ ಮಾಡಿದವಳಿಗೆ ಇದು ಅಭ್ಯಾಸವಾದ ಜಾಗ. ಆದರೆ ಇವತ್ತು ಮೊದಲಿಗೇ ಒಂದು ಮಾತು ಹೇಳಿಬಿಡುತ್ತೇನೆ. ನನ್ನ ಈ ಭಾಷಣದಿಂದ ಆಗುವ ಉಪಯೋಗ ಬಹಳ ಕಡಿಮೆ. ಇದು ವಿನಯದ ಮಾತಲ್ಲ, ಲೆಕ್ಕ ಹಾಕಿ ಕಂಡುಕೊಂಡ ಮಾತು.

ಎರಡನೇ ಮಹಾಯುದ್ಧದ ಕಾಲ. ಅಮೆರಿಕದಲ್ಲಿ ಮಾಂಸದ ಅಭಾವ ಬಂತು. ಪ್ರಾಣಿಯ ಗುಂಡಿಗೆ, ಮೂತ್ರಪಿಂಡ ಮುಂತಾದ ಭಾಗಗಳನ್ನೂ ಜನ ಅಡುಗೆಗೆ ಬಳಸಬೇಕು ಎಂದು ಅಲ್ಲಿಯ ಸರ್ಕಾರಕ್ಕೆ ಅನ್ನಿಸಿತು. ಅಲ್ಲಿನ ಅನೇಕ ಗೃಹಿಣಿಯರಿಗೆ ಅದನ್ನು ಕಂಡರೆ ಅಸಹ್ಯ. ಕರ್ಟ್ ಲೆವಿನ್ ಎಂಬ ಮನಶ್ಶಾಸ್ತ್ರಜ್ಞ 13ರಿಂದ 17 ಹೆಂಗಸರ ಗುಂಪುಗಳನ್ನು ಮಾಡಿದ. ಕೆಲವು ಗುಂಪುಗಳಿಗೆ ತಿಳಿದವರೊಬ್ಬರಿಂದ ಒಳ್ಳೆಯ ಉಪನ್ಯಾಸ ಕೊಡಿಸಿದ. ಉಳಿದ ಗುಂಪುಗಳಲ್ಲಿ ಉಪನ್ಯಾಸವಿಲ್ಲ. ಹೆಂಗಸರೇ ತಮ್ಮ ಕಷ್ಟಗಳನ್ನು ತಾವೇ ಮಾತಾಡಿಕೊಂಡರು. ಕೊನೆಗೆ, ಮನೆಗೆ ಹೋಗಿ ಯಾರು ಯಾರು ಮಾಡಿ ನೋಡುತ್ತೀರಿ, ಕೈ ಎತ್ತಿ ಎಂದು ಕೇಳಿದರು. ಕೆಲವು ದಿನ ಬಿಟ್ಟು ವಿಚಾರಿಸಿದಾಗ, ಎಂದೂ ಮಾಡದ ಆ ಅಡುಗೆಯನ್ನು ಮಾಡಿದವರು ಉಪನ್ಯಾಸ ಕೇಳಿದವರಲ್ಲಿ 100ಕ್ಕೆ 3 ಮಂದಿ. ತಾವೇ ಕೂತು ಮಾತಾಡಿ ತೀರ್ಮಾನಿಸಿದವರಲ್ಲಿ 100ಕ್ಕೆ 32 ಮಂದಿ. 1943ರಲ್ಲಿ ಪ್ರಕಟವಾದ ಈ ಲೆಕ್ಕವನ್ನು ನಾನು ವರ್ಷ ವರ್ಷವೂ ವಿದ್ಯಾರ್ಥಿಗಳಿಗೆ ಹೇಳುತ್ತಿದ್ದೆ. ಹೇಳುತ್ತಿದ್ದುದು ಉಪನ್ಯಾಸದ ಮೂಲಕವೇ ಎಂಬುದು ಬೇರೆ ಮಾತು.

ಆದ್ದರಿಂದ ನನ್ನ ಭಾಷಣದ ಬೆಲೆ ಮೂರು. ಮುಂದಿನ ವಾರ ನಿಮ್ಮ ನಿಮ್ಮ ಸಂಘದಲ್ಲಿ ನೀವು ಆಡುವ ಮಾತಿನ ಬೆಲೆ ಮೂವತ್ತೆರಡು. ಒಬ್ಬಳೇ ಇದ್ದಾಗ ಮಾಡಲಾಗದ್ದನ್ನು ಗುಂಪಿನಲ್ಲಿ ಮಾಡುತ್ತೇವೆ. 'ಒಗ್ಗಟ್ಟಿನಲ್ಲಿ ಬಲವಿದೆ' ಎಂಬ ಮಾತನ್ನು ನಾವೆಲ್ಲ ಶಾಲೆಯ ಗೋಡೆಯ ಮೇಲೆ ಓದಿದ್ದೇವೆ. ಅದು ನಿಜ. ಆದರೆ ಆ ಬಲ ಯಾರ ಕಡೆಗೆ ನಿಲ್ಲುತ್ತದೆ ಎಂಬುದನ್ನು ಯಾವ ಗೋಡೆಯೂ ಬರೆದಿಲ್ಲ. ಇವತ್ತು ಅದನ್ನೇ ಮಾತಾಡೋಣ ಎಂದು ಬಂದಿದ್ದೇನೆ. ವರದಕ್ಷಿಣೆ ಕೇಳುವುದೂ ಗುಂಪೇ, ಹೊಡೆತ ಕಂಡು ಸುಮ್ಮನಿರುವುದೂ ಗುಂಪೇ, ಅದನ್ನು ನಿಲ್ಲಿಸಬಲ್ಲದ್ದೂ ಗುಂಪೇ.

ಮೊದಲು ನನ್ನದೇ ಒಂದು ಕಥೆ ಹೇಳಬೇಕು. ಇದನ್ನು ನಾನು ತರಗತಿಯಲ್ಲಿ ಎಂದೂ ಹೇಳಿದವಳಲ್ಲ.

1984. ನನಗೆ ಆಗಷ್ಟೇ ಕೆಲಸ ಸಿಕ್ಕಿತ್ತು. ಒಂದು ವಠಾರದಲ್ಲಿ ಬಾಡಿಗೆಗೆ ಇದ್ದೆ. ಎಂಟು ಮನೆ, ನಡುವೆ ಒಂದು ಅಂಗಳ, ಎಲ್ಲರಿಗೂ ಒಂದೇ ನಲ್ಲಿ. ಮೂಲೆಯ ಮನೆಗೆ ಹೊಸದಾಗಿ ಮದುವೆಯಾದ ಹುಡುಗಿಯೊಬ್ಬಳು ಬಂದಳು. ಇಪ್ಪತ್ತೋ ಇಪ್ಪತ್ತೊಂದೋ ವಯಸ್ಸು. ಮದುವೆಯಲ್ಲಿ ಒಪ್ಪಿಕೊಂಡಿದ್ದ ಸ್ಕೂಟರ್ ಬಂದಿರಲಿಲ್ಲ. ಆ ವಿಷಯ ಎಂಟು ಮನೆಗೂ ಗೊತ್ತಿತ್ತು. ರಾತ್ರಿ ಒಂಬತ್ತೂವರೆ, ಹತ್ತರ ಹೊತ್ತಿಗೆ ಆ ಮನೆಯಿಂದ ಸದ್ದು ಬರುತ್ತಿತ್ತು. ಮೊದಲು ಗಂಡಸಿನ ಕೂಗು, ಆಮೇಲೆ ಅವಳ ಅಳು. ಎದುರು ಮನೆಯವರು ರೇಡಿಯೋ ಜೋರು ಮಾಡುತ್ತಿದ್ದರು. ಪಕ್ಕದ ಮನೆಯವರು ಕಿಟಕಿ ಮುಚ್ಚುತ್ತಿದ್ದರು. ನಾನು ಮರುದಿನದ ಪಾಠಕ್ಕೆ ಟಿಪ್ಪಣಿ ಮಾಡಿಕೊಳ್ಳುತ್ತಿದ್ದೆ. ಬೆಳಿಗ್ಗೆ ನಲ್ಲಿಯ ಹತ್ತಿರ ಎಲ್ಲರೂ ಸೇರುತ್ತಿದ್ದೆವು. ಅವಳ ತೋಳಿನ ಮೇಲಿನ ಕಲೆಯನ್ನು ಎಲ್ಲರೂ ನೋಡುತ್ತಿದ್ದೆವು. ಆದರೆ ನಾವು ಅವಳನ್ನು ಕೇಳುತ್ತಿದ್ದುದು, "ಇವತ್ತು ನೀರು ಎಷ್ಟು ಹೊತ್ತಿಗೆ ಬಂತಮ್ಮ?" ಎಂದು ಮಾತ್ರ.

ಆರನೇ ತಿಂಗಳಿಗೆ ಅವಳು ಸತ್ತಳು. ಸೀಮೆಎಣ್ಣೆ ಸ್ಟೋವ್ ಸಿಡಿಯಿತು ಎಂದರು. ಪೊಲೀಸರು ಬಂದು ಮನೆಮನೆಯಲ್ಲೂ ವಿಚಾರಿಸಿದರು. ಎಲ್ಲರೂ ಹೇಳಿದ್ದು ಒಂದೇ ಮಾತು, ಏನೂ ಕೇಳಿಸಲಿಲ್ಲ ಎಂದು. ಎಂ.ಎ. ಓದಿದ ನಾನು, "ನಾನು ಕಾಲೇಜಿಗೆ ಹೋಗುವವಳು, ಹಗಲು ಮನೆಯಲ್ಲಿ ಇರುವುದಿಲ್ಲ" ಎಂದೆ. ಅದು ಸುಳ್ಳಲ್ಲ. ಆದರೆ ಅಳು ಕೇಳಿಸುತ್ತಿದ್ದುದು ರಾತ್ರಿ.

ಹದಿನೈದು ದಿನ ಕಳೆದ ಮೇಲೆ ನಲ್ಲಿಯ ಹತ್ತಿರ ಒಬ್ಬರು ಬಾಯಿ ಬಿಟ್ಟರು. "ಒಂದು ಸಲ ಹೋಗಿ ಬಾಗಿಲು ತಟ್ಟಬೇಕು ಅಂತ ಅಂದುಕೊಂಡಿದ್ದೆ. ಯಾರೂ ಏನೂ ಅನ್ನದೆ ಇದ್ದದ್ದು ನೋಡಿ ಸುಮ್ಮನಾದೆ." ಆಮೇಲೆ ಇನ್ನೊಬ್ಬರು, ಮತ್ತೊಬ್ಬರು. "ಯಾರಾದರೂ ಒಬ್ಬರು ಹೊರಟಿದ್ದರೆ ನಾನೂ ಬರ್ತಿದ್ದೆ." ಎಂಟು ಮನೆಯಲ್ಲಿ ಏಳು ಮನೆಯವರು ಒಳಗೊಳಗೇ ಕುದಿಯುತ್ತಿದ್ದರು. ಉಳಿದ ಆರು ಮನೆಯವರಿಗೆ ಇದು ತಪ್ಪು ಅನ್ನಿಸಿಲ್ಲ ಎಂದು ಏಳು ಮನೆಯವರೂ ತಿಳಿದುಕೊಂಡಿದ್ದರು. ನಮ್ಮೆಲ್ಲರ ಸುಮ್ಮನಿರುವಿಕೆ ಸೇರಿ ಅವನಿಗೆ ಒಪ್ಪಿಗೆಯ ಹಾಗೆ ಕಾಣಿಸಿರಬೇಕು. ಅದಕ್ಕಿಂತ ಹೆಚ್ಚಾಗಿ, ಅವಳಿಗೆ ಹಾಗೆ ಕಾಣಿಸಿರಬೇಕು. ಈಗಲೂ ನನ್ನನ್ನು ಚುಚ್ಚುವುದು ಅದು.

ನಾವು ಎಂಟು ಮನೆಯವರು ಕೆಟ್ಟವರಾಗಿದ್ದೆವೇ? ಬಹಳ ದಿನ ಹಾಗೇ ಅಂದುಕೊಂಡಿದ್ದೆ. ಒಬ್ಬೊಬ್ಬರನ್ನೇ ತೆಗೆದುಕೊಂಡರೆ ಅವರು ಕೆಟ್ಟವರಲ್ಲ. ಯಾರ ಮನೆಯಲ್ಲಾದರೂ ಜ್ವರ ಎಂದರೆ ಗಂಜಿ ಮಾಡಿ ಕೊಂಡುಹೋಗುವ ಜನ. ಹಾಗಾದರೆ ಆದದ್ದೇನು?

1968ರಲ್ಲಿ ಲಟಾನೆ ಮತ್ತು ಡಾರ್ಲಿ ಎಂಬ ಇಬ್ಬರು ಅಮೆರಿಕದ ಸಂಶೋಧಕರು ಒಂದು ಪ್ರಯೋಗದ ವರದಿ ಪ್ರಕಟಿಸಿದರು. ಒಂದು ಕೋಣೆಯಲ್ಲಿ ವಿದ್ಯಾರ್ಥಿಯೊಬ್ಬನನ್ನು ಕೂರಿಸಿ ಏನೋ ಬರೆಯಲು ಕೊಟ್ಟರು. ಸ್ವಲ್ಪ ಹೊತ್ತಿಗೆ ಗೋಡೆಯ ಸಂದಿಯಿಂದ ಹೊಗೆ ಬರತೊಡಗಿತು. ಕೋಣೆಯಲ್ಲಿ ಒಬ್ಬನೇ ಇದ್ದಾಗ 100ಕ್ಕೆ 75 ಮಂದಿ ಎದ್ದು ಹೋಗಿ ವಿಷಯ ತಿಳಿಸಿದರು. ಆಮೇಲೆ ಅದೇ ಕೋಣೆಯಲ್ಲಿ, ಹೊಗೆ ಬಂದರೂ ಏನೂ ಆಗದವರ ಹಾಗೆ ಕುಳಿತಿರಬೇಕು ಎಂದು ಮೊದಲೇ ಹೇಳಿಕೊಟ್ಟ ಇಬ್ಬರನ್ನು ಜೊತೆಗೆ ಕೂರಿಸಿದರು. ಆಗ ಎದ್ದು ಹೋಗಿ ಹೇಳಿದವರು 100ಕ್ಕೆ 10 ಮಂದಿ ಮಾತ್ರ. ಉಳಿದವರು ಹೊಗೆಯನ್ನು ಕೈಯಿಂದ ಬೀಸಿಕೊಳ್ಳುತ್ತಾ, ಕಣ್ಣು ಒರೆಸಿಕೊಳ್ಳುತ್ತಾ ಬರೆಯುತ್ತಲೇ ಕುಳಿತರು. ಬೆಂಕಿ ಬಿದ್ದರೆ ಅವರೂ ಸಾಯುವವರೇ. ಆದರೂ ಪಕ್ಕದವನ ಮುಖ ನೋಡಿ, ಅವನು ಸುಮ್ಮನಿದ್ದಾನೆ, ಇದು ದೊಡ್ಡದೇನಲ್ಲ ಎಂದು ತೀರ್ಮಾನಿಸಿದರು.

ಇದನ್ನು ಓದಿದಾಗ ನನಗೆ ನಮ್ಮ ವಠಾರ ಕಣ್ಣ ಮುಂದೆ ಬಂತು. ಹೆಚ್ಚು ಜನ ಇದ್ದರೆ ಹೆಚ್ಚು ರಕ್ಷಣೆ ಎಂದು ನಾವು ತಿಳಿಯುತ್ತೇವೆ. ಎಷ್ಟೋ ಸಲ ಅದು ತಿರುಗುಮುರುಗಾಗುತ್ತದೆ. ಜವಾಬ್ದಾರಿ ಹತ್ತು ಮಂದಿಗೆ ಹಂಚಿಹೋಗಿ ಒಬ್ಬೊಬ್ಬರ ಪಾಲಿಗೆ ಒಂದು ಚೂರು ಮಾತ್ರ ಉಳಿಯುತ್ತದೆ. ಆ ಚೂರಿಗಾಗಿ ಯಾರೂ ಬಾಗಿಲು ತಟ್ಟುವುದಿಲ್ಲ. ಮೇಲಾಗಿ 'ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ' ಎಂಬ ಗಾದೆಯನ್ನು ನಮ್ಮ ಹಿರಿಯರು ಕೈಗೆ ಕೊಟ್ಟಿದ್ದಾರೆ. ಎಷ್ಟೋ ಹೆಣ್ಣುಮಕ್ಕಳು ಉಣ್ಣದೆಯೇ ಮಲಗಿದರು, ಮತ್ತೆ ಏಳಲಿಲ್ಲ.

ಇನ್ನು ವರದಕ್ಷಿಣೆಯ ವಿಷಯಕ್ಕೆ ಬರುತ್ತೇನೆ. ಮದುವೆಯ ಮಾತುಕತೆಗೆ ಕೂತ ಪಡಸಾಲೆಯನ್ನು ನೆನಪಿಸಿಕೊಳ್ಳಿ. ಹುಡುಗನನ್ನು ಒಬ್ಬನೇ ಕರೆದು ಕೇಳಿದರೆ, "ನನಗೇನೂ ಬೇಡ, ಅಪ್ಪ ಅಮ್ಮ ಹೇಳಿದ ಹಾಗೆ" ಎನ್ನುತ್ತಾನೆ. ಅಪ್ಪನನ್ನು ಕೇಳಿದರೆ, "ನಮಗೇನು ಆಸೆಯಿಲ್ಲ, ಮನೆಯ ಹೆಂಗಸರು ಒಪ್ಪಬೇಕಲ್ಲ" ಎನ್ನುತ್ತಾರೆ. ಅಮ್ಮ, "ನಮಗೆ ಬೇಕಾಗಿಲ್ಲ, ನಾಲ್ಕು ಜನ ನೆಂಟರು ಏನಂತಾರೆ?" ಎನ್ನುತ್ತಾಳೆ. ನೆಂಟರನ್ನು ಕೇಳಿದರೆ, "ಅದು ಅವರ ಮನೆ ವಿಷಯ." ಕೇಳಿದವರು ಯಾರೂ ಇಲ್ಲ, ಆದರೆ ಪಟ್ಟಿ ಸಿದ್ಧ! ಇಷ್ಟು ಬಂಗಾರ, ಇಷ್ಟು ನಗದು, ಒಂದು ಬೈಕು, ಎರಡು ಕಡೆ ಖರ್ಚಿನ ಛತ್ರ. ಹುಡುಗಿಯ ಕಡೆಯೂ ಹೀಗೇ. ಕೊಡಬಾರದು ಎಂದು ಚಿಕ್ಕಪ್ಪನಿಗೆ ಅನ್ನಿಸಿರುತ್ತದೆ, ಸೋದರಮಾವನಿಗೆ ಅನ್ನಿಸಿರುತ್ತದೆ, ಹುಡುಗಿಗಂತೂ ಅನ್ನಿಸಿಯೇ ಇರುತ್ತದೆ. ಎಲ್ಲರೂ ಕಾಫಿ ಲೋಟ ನೋಡುತ್ತಾ ಕೂತಿರುತ್ತಾರೆ.

ಇನ್ನೊಂದು ವಿಷಯ ಗಮನಿಸಿ. ಗುಂಪು ಯಾವ ಕಡೆಗೆ ವಾಲಿಕೊಂಡಿರುತ್ತದೋ, ಮಾತಾಡುತ್ತಾ ಆಡುತ್ತಾ ಅದೇ ಕಡೆಗೆ ಇನ್ನಷ್ಟು ವಾಲುತ್ತದೆ. 1960ರ ದಶಕದಿಂದ ಸಂಶೋಧಕರು ಇದನ್ನು ಮತ್ತೆ ಮತ್ತೆ ಕಂಡಿದ್ದಾರೆ. ಗಂಡಿನ ಕಡೆಯವರು ಐದಾರು ಮಂದಿ ಕೂತರೆ ಒಬ್ಬರು, "ನಮ್ಮ ಹುಡುಗ ಇಂಜಿನಿಯರು" ಎನ್ನುತ್ತಾರೆ. ಇನ್ನೊಬ್ಬರು, "ಅವರ ಮನೆಯ ಹುಡುಗನಿಗೆ ಕಾರು ಕೊಟ್ಟರಂತೆ" ಎನ್ನುತ್ತಾರೆ. ಒಬ್ಬೊಬ್ಬರ ಮಾತಿಗೂ ಒಂದೊಂದು ಲಕ್ಷ ಏರುತ್ತದೆ. ಮದುವೆಯಾದ ಮೇಲೆ ಅದೇ ಪಡಸಾಲೆಯಲ್ಲಿ ಸೊಸೆಯ ಮೇಲಿನ ದೂರುಗಳು ಹೀಗೆಯೇ ಬೆಳೆಯುತ್ತವೆ. ಅತ್ತೆ ಒಂದು ಹೇಳಿದರೆ ನಾದಿನಿ ಒಂದು ಸೇರಿಸುತ್ತಾಳೆ, ಮೈದುನ ಇನ್ನೊಂದು. ಕೊನೆಗೆ ಗಂಡ ಕೈ ಎತ್ತಿದಾಗ ಅವನ ಕೈಯ ಹಿಂದೆ ಆ ಪಡಸಾಲೆಯೆಲ್ಲ ಇರುತ್ತದೆ.

ಹಾಗಾದರೆ ಮನುಷ್ಯರು ಕುರಿಗಳೇ? ಅಲ್ಲ. ಇನ್ನೊಂದು ಪ್ರಯೋಗ ಹೇಳುತ್ತೇನೆ. ನನಗೆ ಬಹಳ ಧೈರ್ಯ ಕೊಟ್ಟ ಪ್ರಯೋಗ ಇದು. 1950ರ ದಶಕದಲ್ಲಿ ಸಾಲೊಮನ್ ಆಶ್ ಎಂಬ ವಿದ್ವಾಂಸ ಕಾಲೇಜು ಹುಡುಗರ ಗುಂಪಿಗೆ ಒಂದು ಗೆರೆ ತೋರಿಸಿದ. ಪಕ್ಕದಲ್ಲಿ ಮೂರು ಗೆರೆ. ಅವುಗಳಲ್ಲಿ ಯಾವುದು ಈ ಗೆರೆಗೆ ಸಮ ಎಂದು ಹೇಳಬೇಕು. ಮಗುವೂ ಹೇಳಬಲ್ಲ ಉತ್ತರ. ಆದರೆ ಗುಂಪಿನಲ್ಲಿ ಒಬ್ಬನನ್ನು ಬಿಟ್ಟು ಉಳಿದವರೆಲ್ಲ ಮೊದಲೇ ಮಾತಾಡಿಕೊಂಡು ಬಂದವರು. ಅವರು ಒಬ್ಬರಾದ ಮೇಲೆ ಒಬ್ಬರು ಗಟ್ಟಿಯಾಗಿ ತಪ್ಪು ಉತ್ತರ ಹೇಳುತ್ತಾ ಬರುತ್ತಿದ್ದರು. ಸರದಿಯ ಕೊನೆಯ ಹತ್ತಿರ ಕುಳಿತ ಅವನು ತನ್ನ ಕಣ್ಣನ್ನು ನಂಬಬೇಕೋ, ಗುಂಪನ್ನು ನಂಬಬೇಕೋ? 100ಕ್ಕೆ ಸುಮಾರು 75 ಮಂದಿ ಒಂದು ಸಲವಾದರೂ ಕಣ್ಣಿಗೆ ಕಾಣುತ್ತಿದ್ದುದನ್ನು ಬಿಟ್ಟು ಗುಂಪಿನ ತಪ್ಪನ್ನೇ ಹೇಳಿದರು. ಕಾಲು ಭಾಗದವರು ಮಾತ್ರ ಒಂದು ಸಲವೂ ಬಗ್ಗಲಿಲ್ಲ.

ಮುಂದಿನದನ್ನು ಚೆನ್ನಾಗಿ ಕೇಳಿಸಿಕೊಳ್ಳಿ. ಆಶ್ ಆಮೇಲೆ ಆ ಗುಂಪಿನಲ್ಲಿ ಒಬ್ಬನಿಗೆ ಮಾತ್ರ ನಿಜ ಹೇಳಲು ಹೇಳಿಕೊಟ್ಟ. ಉಳಿದವರೆಲ್ಲ ಮೊದಲಿನಂತೆ ತಪ್ಪನ್ನೇ ಹೇಳಿದರು. ಒಬ್ಬನೇ ಒಬ್ಬ ಜೊತೆಗಾರ ಸಿಕ್ಕಿದ್ದಕ್ಕೆ ಗುಂಪಿಗೆ ಬಗ್ಗುವುದು ಮೊದಲಿನ ಕಾಲು ಭಾಗಕ್ಕೂ ಕಡಿಮೆಯಾಯಿತು. ಬಹುಮತ ಬೇಕಾಗಲಿಲ್ಲ, ಅರ್ಧದಷ್ಟು ಜನವೂ ಬೇಕಾಗಲಿಲ್ಲ, ಒಬ್ಬ ಸಾಕಾಯಿತು. ಇನ್ನೊಂದು ಸಲ ಆ ಜೊತೆಗಾರ ನಡುವೆ ಕೈಬಿಟ್ಟು ಗುಂಪನ್ನು ಸೇರುವಂತೆ ಮಾಡಿದಾಗ, ಪಾಪ, ಇವನೂ ಮತ್ತೆ ಗುಂಪಿಗೆ ಬಗ್ಗತೊಡಗಿದ. ಉತ್ತರವನ್ನು ಗಟ್ಟಿಯಾಗಿ ಹೇಳುವ ಬದಲು ಯಾರಿಗೂ ಕಾಣದಂತೆ ಬರೆದುಕೊಡಿ ಎಂದಾಗಲೂ ತಪ್ಪುಗಳು ಬಹಳ ಕಡಿಮೆಯಾದವು. ಈ ಮೂರು ಮಾತುಗಳನ್ನು ಸೆರಗಿನಲ್ಲಿ ಗಂಟು ಹಾಕಿಕೊಳ್ಳಿ. ಒಬ್ಬಳು ಜೊತೆಗಾತಿ ಸಾಕು. ಆ ಜೊತೆಗಾತಿ ಕೈಬಿಡಬಾರದು. ಎಲ್ಲರೆದುರು ಹೇಳಲಾಗದ್ದನ್ನು ಹೇಳಲು ಒಂದು ಗುಟ್ಟಿನ ದಾರಿ ಇರಬೇಕು.

ಇಲ್ಲಿ ಒಂದು ಕಹಿ ಮಾತನ್ನೂ ಹೇಳಬೇಕು. ಸುಮ್ಮನಿದ್ದವರೆಲ್ಲ ಒಪ್ಪಿದವರಲ್ಲ ಎಂದೆ. ಆದರೆ ಕೆಲವರು ನಿಜವಾಗಿಯೂ ಒಪ್ಪಿದವರೇ. ಕೇಂದ್ರ ಸರ್ಕಾರ ನಡೆಸುವ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನಲ್ಲಿ, ಅಂದರೆ 2019ರ ಸುಮಾರಿನಲ್ಲಿ, ನಮ್ಮ ಕರ್ನಾಟಕದ ಹೆಂಗಸರನ್ನು ಕೇಳಿದರು. ಹೇಳದೆ ಹೊರಗೆ ಹೋದರೆ, ಮನೆ ಮಕ್ಕಳನ್ನು ಸರಿಯಾಗಿ ನೋಡದಿದ್ದರೆ, ಎದುರು ಮಾತಾಡಿದರೆ, ಅಡುಗೆ ಸರಿಯಿಲ್ಲದಿದ್ದರೆ, ಅತ್ತೆ ಮಾವನಿಗೆ ಗೌರವ ಕೊಡದಿದ್ದರೆ ಗಂಡ ಹೊಡೆಯುವುದು ಸರಿಯೇ? ಇಂಥ ಏಳು ಕಾರಣಗಳಲ್ಲಿ ಒಂದಕ್ಕಾದರೂ ಸರಿ ಎಂದವರು 100ಕ್ಕೆ 77 ಮಂದಿ ಹೆಂಗಸರು. ಅದೇ ಸಮೀಕ್ಷೆಯಲ್ಲಿ, ಮದುವೆಯಾದ ಹೆಂಗಸರಲ್ಲಿ ಗಂಡನಿಂದ ಹಿಂಸೆ ಅನುಭವಿಸಿದ್ದೇವೆ ಎಂದವರು 100ಕ್ಕೆ 44. ಇಪ್ಪತ್ತು ಮಂದಿಯ ಒಂದು ಸಂಘ ಎಂದರೆ ಸರಾಸರಿಯಲ್ಲಿ ಎಂಟೊಂಬತ್ತು ಮಂದಿ. ನೀವು ವೃತ್ತವಾಗಿ ಕುಳಿತಾಗ ನಿಮ್ಮ ಎಡಕ್ಕೋ ಬಲಕ್ಕೋ ಒಬ್ಬಳು ಇದ್ದಾಳೆ. ಅಥವಾ ಅವಳು ನೀವೇ.

ಹೊಡೆತ ಸರಿ ಎನ್ನುವ ಆ 77 ಮಂದಿಯನ್ನು ಬೈದು ಪ್ರಯೋಜನವಿಲ್ಲ. ಅವರು ಹುಟ್ಟುವಾಗ ಈ ಅಭಿಪ್ರಾಯ ತಂದವರಲ್ಲ. ತಾಯಿ, ಅಜ್ಜಿ, ಅತ್ತೆ, ನೆರೆಹೊರೆ, ಜಾತ್ರೆ, ಸಿನಿಮಾ ಎಲ್ಲ ಕಡೆಯೂ ಇದನ್ನೇ ಕೇಳಿ ಬೆಳೆದವರು. ಗುಂಪಿನಲ್ಲಿ ಕಲಿತದ್ದನ್ನು ಒಬ್ಬಳೇ ಕೂತು ಮರೆಯುವುದು ಕಷ್ಟ. ಇನ್ನೊಂದು ಗುಂಪಿನಲ್ಲಿಯೇ ಅದನ್ನು ಮರೆಯಬೇಕು. ನಿಮ್ಮ ಸಂಘ ಆ ಇನ್ನೊಂದು ಗುಂಪು ಆಗಬಲ್ಲದು. ಆಗಿದೆಯೇ?

ನಿವೃತ್ತಿಯ ನಂತರ ನಾನು ಒಂದು ಸಂಘದ ಲೆಕ್ಕದ ಪುಸ್ತಕ ನೋಡಿಕೊಡಲು ಹೋಗುತ್ತಿದ್ದೆ. ಒಂದು ವಾರ ಒಬ್ಬ ಸದಸ್ಯೆಯ ಕಂತು ಬರಲಿಲ್ಲ. ಎರಡನೇ ವಾರವೂ ಇಲ್ಲ, ಮೂರನೇ ವಾರ ಅವಳೇ ಬರಲಿಲ್ಲ. ಸಭೆಯಲ್ಲಿ ಮಾತು ಎದ್ದಿತು. ಮೊದಲು ಮಾತಾಡಿದವಳು, "ಇನ್ನೊಂದು ವಾರ ನೋಡೋಣ" ಎಂದಳು. ಎರಡನೆಯವಳು, "ಹಬ್ಬಕ್ಕೆ ಸೀರೆ ತಗೊಳ್ಳೋಕೆ ದುಡ್ಡಿತ್ತಲ್ಲ" ಎಂದಳು. ಮೂರನೆಯವಳು, "ಬ್ಯಾಂಕಿನವರ ಎದುರು ನಮ್ಮ ಮರ್ಯಾದೆ ಹೋಗುತ್ತೆ" ಎಂದಳು. ಅರ್ಧ ಗಂಟೆಯಲ್ಲಿ ಹದಿನಾರು ಮಂದಿಯೂ, ಅವಳ ಮನೆ ಮುಂದೆ ಹೋಗಿ ಕೂರೋಣ, ಕೊಡದಿದ್ದರೆ ಪಾತ್ರೆ ತರೋಣ ಎನ್ನುವ ಮಟ್ಟಕ್ಕೆ ಬಂದರು. ಅವಳ ಮೇಲೆ ದ್ವೇಷ ಇದ್ದವರು ಅಲ್ಲಿ ಒಬ್ಬರೂ ಇರಲಿಲ್ಲ. ಪಡಸಾಲೆಯ ಕಥೆಯೇ ಇಲ್ಲೂ ನಡೆಯಿತು. ನಾನೂ ಅಲ್ಲೇ ಇದ್ದೆ, ಲೆಕ್ಕ ಕೂಡುತ್ತಿದ್ದೆ.

ಹೋದೆವು. ಅವಳು ಬಾಗಿಲಿಗೆ ಬಂದಳು. ಎಡಗೈಗೆ ಪಟ್ಟಿ ಕಟ್ಟಿತ್ತು. "ಬಚ್ಚಲಲ್ಲಿ ಜಾರಿ ಬಿದ್ದಳು" ಎಂದು ಅತ್ತೆಯೇ ಮುಂದೆ ಬಂದು ಹೇಳಿದರು. ಹದಿನಾರು ಮಂದಿ ಆ ಕೈ ನೋಡಿದರು. ಆದರೂ ಕೇಳಿದ್ದು, "ಕಂತು ಯಾವಾಗ ಕಟ್ಟುತ್ತೀಯ?" ಎಂದೇ. ನಲವತ್ತು ವರ್ಷದ ಹಿಂದಿನ ನಲ್ಲಿಯ ನೀರು ನನ್ನ ಕಿವಿಯಲ್ಲಿ ಸದ್ದು ಮಾಡಿತು.

ಆಗ ಸಂಘದ ಅತ್ಯಂತ ಹಿರಿಯ ಸದಸ್ಯೆ, ಹೂ ಮಾರುವ ಒಬ್ಬಾಕೆ, ಓದು ಬರಹ ಬಾರದವರು, ಜಗಲಿಯ ಮೇಲೆ ಕೂತುಬಿಟ್ಟರು. "ನೀವು ನಡೀರವ್ವ, ನಾನು ಇವಳ ಹತ್ರ ಒಂದು ಗಳಿಗೆ ಕೂತು ಬತ್ತೀನಿ. ಕಂತಿನ ಮಾತು ಆಮೇಲೆ." ಅಷ್ಟೇ. ಒಂದು ನಿಮಿಷ ಯಾರೂ ಅಲುಗಾಡಲಿಲ್ಲ. ಆಮೇಲೆ ಇನ್ನೊಬ್ಬಳು ಅವರ ಪಕ್ಕ ಕೂತಳು. ಮೂರನೆಯವಳು ಅತ್ತೆಯನ್ನು ನೀರು ಕೇಳುವ ನೆಪದಲ್ಲಿ ಒಳಗೆ ಕರೆದುಕೊಂಡು ಹೋದಳು. ಆಗ ನಿಜ ಹೊರಬಂತು. ಸಂಘದ ಸಾಲವನ್ನು ಗಂಡ ಕಿತ್ತುಕೊಂಡಿದ್ದ. ಕಂತಿಗೆ ಎತ್ತಿಟ್ಟಿದ್ದನ್ನೂ ಕೇಳಿದ. ಕೊಡೆನೆಂದಾಗ ಕೈ ತಿರುಚಿದ. ತವರಿನಿಂದ ಬರಬೇಕಾದ ಹಣದ ಮಾತೂ ಅದರ ಹಿಂದೆ ಇತ್ತು.

ಮುಂದೆ ಎಲ್ಲವೂ ಸರಿಹೋಯಿತು ಎಂದು ನಾನು ಎದೆ ತಟ್ಟಿ ಹೇಳಲಾರೆ. ಆದರೆ ಅವಳು ಈಗ ಒಂಟಿಯಲ್ಲ. ಅವಳು ಏನು ಬಯಸುತ್ತಾಳೆ ಎಂದು ಅವಳನ್ನೇ ಕೇಳಿ, ಅವಳು ಒಪ್ಪಿದ ಮೇಲೆ ಇಬ್ಬರು ಸದಸ್ಯೆಯರು ಅವಳ ಜೊತೆ ಅಧಿಕಾರಿಗಳ ಹತ್ತಿರ ಹೋಗಿಬಂದರು. ಸಂಘ ಅವಳ ಕಂತಿಗೆ ಮೂರು ತಿಂಗಳ ಸಮಯ ಕೊಟ್ಟು ನಡಾವಳಿ ಪುಸ್ತಕದಲ್ಲಿ ಬರೆಯಿತು. ಅವಳ ಗಂಡನಿಗೆ ಈಗ ಒಂದು ವಿಷಯ ಗೊತ್ತು. ಆ ಮನೆಯ ಸದ್ದನ್ನು ಕೇಳಿಸಿಕೊಳ್ಳುವವರು ಇದ್ದಾರೆ, ಕೇಳಿಸಿಕೊಂಡರೆ ಬರುತ್ತಾರೆ.

ಹೀಗೆ ಒಬ್ಬಿಬ್ಬರು ಬಾಯಿ ಬಿಟ್ಟು ರಾಜ್ಯವನ್ನೇ ಅಲುಗಾಡಿಸಿದ ಉದಾಹರಣೆ ನಮ್ಮ ಪಕ್ಕದಲ್ಲೇ ಇದೆ. ಆಂಧ್ರಪ್ರದೇಶದ ನೆಲ್ಲೂರು ಜಿಲ್ಲೆಯ ದೂಬಗುಂಟ ಎಂಬ ಹಳ್ಳಿ. 1990ರ ದಶಕದ ಆರಂಭದಲ್ಲಿ ಸಾಕ್ಷರತಾ ಆಂದೋಲನ ನಡೆಯುತ್ತಿದ್ದ ಕಾಲ. ಕೂಲಿ ಮುಗಿಸಿ ಬಂದ ಹೆಂಗಸರು ರಾತ್ರಿ ಅಕ್ಷರ ಕಲಿಯಲು ಸೇರುತ್ತಿದ್ದರು. ಗಂಡ ಕುಡಿದು ಬಂದು ಹೊಡೆಯುವುದು, ಕೂಲಿ ಹಣ ಸಾರಾಯಿ ಅಂಗಡಿಗೆ ಹೋಗುವುದು ತನ್ನ ಮನೆಯ ಹಣೆಬರಹ ಎಂದು ಮುಚ್ಚಿಟ್ಟುಕೊಂಡಿದ್ದ ಹೆಂಗಸರು, ಪಾಠ ಓದುತ್ತಾ ಮಾತಾಡುತ್ತಾ ಇದು ಎಲ್ಲರ ಮನೆಯ ಕಥೆ ಎಂದು ಕಂಡುಕೊಂಡರು. ಸಾರಾಯಿಯನ್ನು ಊರೊಳಗೆ ಬಿಡಲಿಲ್ಲ. 1992ರಲ್ಲಿ ಅದು ಊರಿಂದೂರಿಗೆ ಹಬ್ಬಿತು. 1993ರ ಅಕ್ಟೋಬರ್ 1ರಿಂದ ಆ ರಾಜ್ಯ ಸಾರಾಯಿಯನ್ನು ನಿಷೇಧಿಸಿತು. 1995ರಲ್ಲಿ ಬಂದ ಸಂಪೂರ್ಣ ಪಾನನಿಷೇಧವನ್ನು 1997ರಲ್ಲಿ ಸಡಿಲಿಸಿದ್ದೂ ನಿಜ. ಗೆದ್ದದ್ದೆಲ್ಲ ಉಳಿಯಲಿಲ್ಲ. ಆದರೆ ಮುಚ್ಚಿಟ್ಟ ನೋವು ಒಂದು ಸಲ ಎಲ್ಲರ ನಡುವೆ ಬಂದು ಕೂತ ಮೇಲೆ ಅದು ಹಣೆಬರಹ ಆಗಿ ಉಳಿಯುವುದಿಲ್ಲ.

ಹಾಗಾದರೆ ನಾವು ಏನು ಮಾಡಬೇಕು? ಖರ್ಚಿಲ್ಲದ ಕೆಲವು ಕೆಲಸಗಳನ್ನು ಹೇಳುತ್ತೇನೆ.

ಒಂದು. ಸಭೆಯಲ್ಲಿ ಪ್ರತಿನಿಧಿಗಳು ಕೊನೆಗೆ ಮಾತಾಡಲಿ. ಮುಂದಾಳು ಮೊದಲೇ ತನ್ನ ಅಭಿಪ್ರಾಯ ಹೇಳಿದರೆ ಉಳಿದವರ ಬಾಯಿ ಕಟ್ಟಿದಂತೆ. ದೊಡ್ಡ ದೊಡ್ಡ ಸರ್ಕಾರಗಳು ತಪ್ಪು ತೀರ್ಮಾನ ಮಾಡಿದ ಬಗೆಯನ್ನು ಅಧ್ಯಯನ ಮಾಡಿ 1972ರಲ್ಲಿ ಪುಸ್ತಕ ಬರೆದ ಇರ್ವಿಂಗ್ ಜಾನಿಸ್ ಎಂಬುವರು ಕೊಟ್ಟ ಸಲಹೆಯೂ ಇದೇ. ವೃತ್ತದಲ್ಲಿ ಸರದಿಯಂತೆ ಪ್ರತಿಯೊಬ್ಬಳಿಗೂ ಎರಡು ಮಾತು ಆಡಲು ಅವಕಾಶ ಕೊಡಿ. ಒಂದು ಸಲ ಮೂಲೆಯವಳಿಂದ ಶುರು ಮಾಡಿ.

ಎರಡು. ಕಠಿಣ ತೀರ್ಮಾನಗಳಿಗೆ ಗುಟ್ಟಿನ ಮತ ಇರಲಿ. ಓದು ಬಾರದವರಿಗೂ ಕಷ್ಟವಿಲ್ಲ. ಒಂದು ಮಡಕೆ ಇಡಿ. ಎಲ್ಲರಿಗೂ ಒಂದು ಹುಣಸೆ ಬೀಜ, ಒಂದು ಅವರೆಕಾಳು ಕೊಡಿ. ಬೇಕು ಎಂದರೆ ಹುಣಸೆ ಬೀಜ, ಬೇಡ ಎಂದರೆ ಅವರೆಕಾಳು. ಮುಷ್ಟಿ ಮುಚ್ಚಿ ಹಾಕಲಿ. ಆಮೇಲೆ ಎಣಿಸಿ. ಸುಮ್ಮನಿದ್ದವರ ಮನಸ್ಸಿನಲ್ಲಿ ಏನಿತ್ತು ಎಂದು ನಿಮಗೇ ಆಶ್ಚರ್ಯವಾಗಬಹುದು.

ಮೂರು. ಒಬ್ಬಳು ಬೇಕೆಂದೇ ಬೇರೆ ಮಾತು ಹೇಳುವ ಜವಾಬ್ದಾರಿ ಹೊತ್ತಿರಲಿ. ಪ್ರತಿ ಸಭೆಯಲ್ಲೂ ಸರದಿಯಂತೆ. ಎಲ್ಲರೂ ಪಾತ್ರೆ ತರೋಣ ಎಂದಾಗ ಅವಳು, "ಅವಳು ಯಾಕೆ ಕಟ್ಟಿಲ್ಲ ಎಂದು ಕೇಳಿದಿರಾ?" ಎನ್ನಬೇಕು. ನಮ್ಮ ಸಿಟ್ಟಿಗೂ ಈ ಕಡಿವಾಣ ಬೇಕು. ಹೊಡೆಯುವ ಗಂಡನ ಮನೆಗೆ ನುಗ್ಗಿ ಬಡಿಯೋಣ ಎಂಬ ಮಾತೂ ಗುಂಪಿನಲ್ಲಿ ಬಲುಬೇಗ ಏರುತ್ತದೆ. ನಾವು ಮನೆಗೆ ಹೋದ ಮೇಲೆ ಅದರ ಬೆಲೆ ತೆರುವವಳು ಅವಳೇ.

ನಾಲ್ಕು. 'ಎಲ್ಲರೂ ನೋಡಿಕೊಳ್ಳಿ' ಎಂದರೆ ಯಾರೂ ನೋಡಿಕೊಳ್ಳುವುದಿಲ್ಲ. ಹೆಸರು ಹಿಡಿದು ಹೇಳಿ. ಈ ಬೀದಿಗೆ ನೀವಿಬ್ಬರು, ಆ ಬೀದಿಗೆ ನೀವಿಬ್ಬರು. ರಾತ್ರಿ ಸದ್ದು ಕೇಳಿದರೆ ಇಬ್ಬರೂ ಕೂಡಿ ಹೋಗಿ ಬಾಗಿಲು ತಟ್ಟಬೇಕು. ಸಕ್ಕರೆ ಕೇಳಲು ಬಂದೆವು ಎಂದರೂ ಸರಿಯೆ. ಒಳಗಿನ ಕೈ ಆ ಗಳಿಗೆಗೆ ನಿಲ್ಲಬಹುದು. ಅಪಾಯ ಅನ್ನಿಸಿದರೆ ಒಳಗೆ ಹೋಗಬೇಡಿ, ತಡಮಾಡದೆ 112ಕ್ಕೆ ಫೋನ್ ಮಾಡಿ. ಮಹಿಳಾ ಸಹಾಯವಾಣಿ 181.

ಐದು. ರಾಜಿ ಪಂಚಾಯ್ತಿಗೆ ಅವಸರ ಮಾಡಬೇಡಿ. ಗಂಡನ ಮನೆಯ ಹತ್ತು ಮಂದಿಯನ್ನು ಎದುರಿಗೆ ಕೂರಿಸಿ, ಊರಿನ ಹಿರಿಯರನ್ನು ಕೂರಿಸಿ, "ಹೊಂದಿಕೊಂಡು ಹೋಗ್ತೀಯಾ ತಾಯಿ?" ಎಂದು ಕೇಳಿದರೆ ಅವಳು ತಲೆಯಾಡಿಸದೆ ಏನು ಮಾಡಿಯಾಳು? ಆಶ್ ಪ್ರಯೋಗದ ಒಂಟಿ ಹುಡುಗ ಬರೀ ಗೆರೆಯ ವಿಷಯಕ್ಕೆ ಬಗ್ಗಿದ. ಇವಳ ಮುಂದೆ ಇರುವುದು ಮಕ್ಕಳು, ಸೂರು, ಅನ್ನ. ಮೊದಲು ಅವಳೊಬ್ಬಳನ್ನೇ ಬೇರೆ ಕಡೆ ಕೂರಿಸಿ ಕೇಳಿ. ಅವಳ ತೀರ್ಮಾನ ಅವಳದು. ನಿಮ್ಮದು ಜೊತೆ.

ಕಾನೂನಿನ ಮಾತು ಒಂದಿಷ್ಟು. ವರದಕ್ಷಿಣೆ ನಿಷೇಧ ಕಾಯ್ದೆ ಬಂದದ್ದು 1961ರಲ್ಲಿ. ಗಂಡ ಮತ್ತು ಅವನ ಮನೆಯವರ ಕ್ರೌರ್ಯವನ್ನು ಅಪರಾಧ ಎಂದ 498-ಎ ಕಲಂ 1983ರಲ್ಲಿ ಬಂತು. ಮದುವೆಯಾದ ಏಳು ವರ್ಷದೊಳಗಿನ ವರದಕ್ಷಿಣೆ ಸಾವಿನ 304-ಬಿ ಕಲಂ 1986ರಲ್ಲಿ. 2024ರ ಜುಲೈ 1ರಿಂದ ದಂಡ ಸಂಹಿತೆಯ ಬದಲು ಭಾರತೀಯ ನ್ಯಾಯ ಸಂಹಿತೆ ಜಾರಿಯಲ್ಲಿದೆ. ಅದರಲ್ಲಿ ಕ್ರೌರ್ಯಕ್ಕೆ 85 ಮತ್ತು 86, ವರದಕ್ಷಿಣೆ ಸಾವಿಗೆ 80ನೆಯ ಕಲಂ. ಇವೆಲ್ಲದರ ಜೊತೆಗೆ 2005ರ ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ರಕ್ಷಣಾ ಕಾಯ್ದೆ ಇದೆ. ಅದರ 4ನೆಯ ಕಲಂ ನಮ್ಮ ನೆರೆಹೊರೆಯವರಿಗಾಗಿಯೇ ಬರೆದ ಹಾಗಿದೆ. ಹಿಂಸೆ ನಡೆಯುತ್ತಿದೆ ಎಂದು ನಂಬಲು ಕಾರಣವಿರುವ ಯಾರೇ ಆಗಲಿ ಸಂರಕ್ಷಣಾಧಿಕಾರಿಗೆ ತಿಳಿಸಬಹುದು. ನೊಂದವಳೇ ಬರಬೇಕೆಂದಿಲ್ಲ. ಒಳ್ಳೆಯ ಉದ್ದೇಶದಿಂದ ತಿಳಿಸಿದವರ ಮೇಲೆ ಯಾವ ಮೊಕದ್ದಮೆಯೂ ಬರದಂತೆ ಅದೇ ಕಲಂ ರಕ್ಷಣೆ ಕೊಡುತ್ತದೆ. ನಿಮ್ಮ ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಯ ಕಚೇರಿಯಲ್ಲಿ ವಿಚಾರಿಸಿ. 'ನಮಗ್ಯಾಕೆ ಬೇಕು ಕೋರ್ಟು ಕಚೇರಿ' ಎಂಬ ಹೆದರಿಕೆಗೆ ಇದು ಉತ್ತರ.

ಗೆಳತಿಯರೇ, ನನ್ನ ಮೂರು ಪಾಲು ಮುಗಿಯಿತು. ಮೂವತ್ತೆರಡು ಪಾಲು ಈಗ ಶುರುವಾಗಬೇಕು. ಊಟಕ್ಕೆ ಏಳುವ ಮೊದಲು ನಿಮ್ಮ ನಿಮ್ಮ ಸಂಘದವರು ಗುಂಪಾಗಿ ಕೂತು ಒಂದೇ ಪ್ರಶ್ನೆ ಮಾತಾಡಿ. ನಮ್ಮ ಬೀದಿಯಲ್ಲಿ ಯಾವ ಮನೆಯ ಸದ್ದನ್ನು ನಾವೆಲ್ಲ ಕೇಳಿಸಿಕೊಳ್ಳುತ್ತಿದ್ದೇವೆ, ಕೇಳಿಸದವರ ಹಾಗೆ ಇದ್ದೇವೆ? ಹೆಸರು ಗಟ್ಟಿಯಾಗಿ ಹೇಳುವುದು ಬೇಡ. ಮೊದಲು ಬಾಗಿಲು ತಟ್ಟುವವರು ಯಾರು, ಜೊತೆಗೆ ಹೋಗುವವರು ಯಾರು, ಅಷ್ಟನ್ನು ತೀರ್ಮಾನಿಸಿ ಕೈ ಎತ್ತಿ.

ಆ ಹುಡುಗಿ ಬದುಕಿದ್ದರೆ ಈಗ ಅವಳಿಗೂ ಅರವತ್ತು ದಾಟಿರುತ್ತಿತ್ತು. ಮೊಮ್ಮಕ್ಕಳನ್ನು ಕರೆದುಕೊಂಡು ಇಂಥ ಸಭೆಗೆ ಬಂದು ನಿಮ್ಮ ನಡುವೆ ಕೂತಿರುತ್ತಿದ್ದಳು. ಎಂಟು ಮನೆಯಲ್ಲಿ ಒಬ್ಬರು ಎದ್ದಿದ್ದರೆ ಉಳಿದವರೂ ಏಳುತ್ತಿದ್ದೆವು. ಆ ಒಬ್ಬರು ನಾನು ಆಗಲಿಲ್ಲ. ನೀವು ಆಗಿ.